ನದಿಯ ವನ್ಯಜೀವಿ ದೋಣಿ ಪ್ರವಾಸದ ಲೋಪಗಳ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ನದಿ ದೋಣಿ ಪ್ರವಾಸ ವಿಭಾಗ,
ಕುಶಾಲನಗರ ತಾಲ್ಲೂಕು, ಕೊಡಗು ಜಿಲ್ಲೆ.

ವಿಷಯ: ಮಾರ್ಚ್ ಎರಡನೇ ಭಾನುವಾರದ ದೋಣಿ ಪ್ರವಾಸದ ಅರ್ಧ ಶುಲ್ಕ ವಾಪಸಾತಿ ಮತ್ತು ಸುರಕ್ಷತಾ ಲೋಪ ಸರಿಪಡಿಸುವ ಕುರಿತು.

ಮಾನ್ಯರೇ,

ಕಾವೇರಿಯಲ್ಲಿ ದುಬಾರೆಗಿಂತ ಮೇಲಿನ ಪಾತ್ರದಲ್ಲಿ ತಾವು ನಡೆಸುವ ‘ಹೊಳೆಯ ಜೀವಿಗಳನ್ನು ಅರಿಯೋಣ’ ಎಂಬ ಪ್ರವಾಸಕ್ಕೆ ತಲಾ 1,800 ರೂಪಾಯಿ ಕಟ್ಟಿದ್ದು ಬುಕಿಂಗ್ ಸಂದೇಶದಲ್ಲಿದ್ದ ನಾಲ್ಕು ಭರವಸೆಗಳನ್ನು ನಂಬಿ: ಬೆಳಿಗ್ಗೆ 6.30ಕ್ಕೆ ಆರಂಭ, ಇಬ್ಬರು ಕೂರುವ ಕಯಾಕ್ ಎಂಬ ಕಿರಿದಾದ ಹುಟ್ಟುದೋಣಿ, ಪ್ರಾಣಿಪಕ್ಷಿ ಬಲ್ಲ ಗೈಡ್, ಮಕ್ಕಳ ಅಳತೆಯ ಲೈಫ್ ಜಾಕೆಟ್. ನಾಲ್ಕರಲ್ಲಿ ಒಂದೂ ಪೂರ್ತಿಯಾಗಿ ಸಿಗಲಿಲ್ಲ.

ದೋಣಿ ನೀರಿಗಿಳಿದಾಗ ಗಂಟೆ ಹತ್ತಾಗಿತ್ತು. ದೋಣಿ ತರುವ ಗಾಡಿ ಬೇರೆ ಕೆಲಸಕ್ಕೆ ಹೋಗಿತ್ತು ಎಂದು ನಿಮ್ಮವರೇ ಹೇಳಿದರು. ಇದನ್ನು ಬರೀ ತಡ ಎಂದು ತಳ್ಳಿಹಾಕುವಂತಿಲ್ಲ. ನೀರುನಾಯಿಗಳು ಮೀನು ಹಿಡಿಯುವುದು ಹೆಚ್ಚಾಗಿ ನಸುಕಿನಲ್ಲಿ ಮತ್ತು ಇಳಿಹೊತ್ತಿನಲ್ಲಿ. ಬಿಸಿಲೇರಿತೆಂದರೆ ಬೇರಿನ ಸಂದಿ, ಬಂಡೆ ಪೊಟರೆ ಸೇರಿ ಮಲಗುತ್ತವೆ. ಹಕ್ಕಿಗಳೂ ಅಷ್ಟೇ, ಹತ್ತರ ಹೊತ್ತಿಗೆ ನೆರಳಿಗೆ ಸರಿದಿರುತ್ತವೆ. ಮೂರೂವರೆ ಗಂಟೆ ತಡವಾದ ವನ್ಯಜೀವಿ ಪ್ರವಾಸದಲ್ಲಿ ನೋಡಲು ಉಳಿಯುವುದು ನೀರು ಮತ್ತು ಬಂಡೆ.

ಅರ್ಧ ಜನರಿಗೆ ಕಯಾಕ್ ಬದಲು ಮಳೆಗಾಲದ ರಾಫ್ಟ್, ಅಂದರೆ ಗಾಳಿ ತುಂಬಿದ ದೊಡ್ಡ ರಬ್ಬರ್ ದೋಣಿ, ಕೊಟ್ಟಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಬಿ ಹರಿಯುವ ಹೊಳೆಗೆ ಅದು ಸರಿ. ಮಾರ್ಚ್‌ನಲ್ಲಿ ಹೊಳೆ ಮಡು ಮಡುವಾಗಿ ನಿಂತಿರುತ್ತದೆ. ಅಲ್ಲಿ ರಾಫ್ಟ್ ಸಾಗಬೇಕಾದರೆ ಎಲ್ಲರೂ ಒಟ್ಟಿಗೆ ಜೋರಾಗಿ ಹುಟ್ಟು ಹಾಕಬೇಕು, ನೀರು ಕಡಿಮೆ ಇದ್ದಲ್ಲಿ ಬಂಡೆಗೆ ಉಜ್ಜಿ ಎಳೆಯಬೇಕು. ಆ ಸದ್ದಿಗೆ ಮುಂದಿನ ತಿರುವಿನವರೆಗಿನ ಹಕ್ಕಿಗಳೆಲ್ಲ ಎದ್ದುಹೋದವು.

ಕಯಾಕ್‌ಗಳ ಸ್ಥಿತಿ ಇನ್ನೂ ಆತಂಕದ್ದು. ಒಂದಕ್ಕೆ ಹಿಂಬದಿಯ ಡ್ರೈನ್ ಪ್ಲಗ್ಗೇ (ನೀರು ಹೊರಬಿಡುವ ತೂತಿನ ಬಿರಡೆ) ಇರಲಿಲ್ಲ, ತೂತಿಗೆ ಬಟ್ಟೆ ತುರುಕಿದ್ದರು. ಇನ್ನೊಂದರ ತಳದ ಬಿರುಕಿಗೆ ಮೆತ್ತಿದ್ದ ಎಂ-ಸೀಲ್ ಅಂಚಿನಿಂದ ಎದ್ದು ಬಂದಿತ್ತು. ಪಾಲಿಎಥಿಲಿನ್ ಪ್ಲಾಸ್ಟಿಕ್ಕಿಗೆ ಅದು ಹಿಡಿಯುವುದಿಲ್ಲ, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಕಾಯಿಸಿ ಬೆಸೆಯಬೇಕು. ಒಳಗೆ ಸೇರಿದ ನೀರು ದೋಣಿ ವಾಲಿದ ಕಡೆಗೇ ಓಡುತ್ತದೆ, ವಾಲಿದ್ದು ಇನ್ನಷ್ಟು ವಾಲುತ್ತದೆ. ಮಡುವಿನ ನಡುವೆ ದೋಣಿ ಮಗುಚುವುದು ಹೀಗೆಯೇ. ಪರೀಕ್ಷೆಗೆ ಐದು ನಿಮಿಷ ಸಾಕು: ತಳಕ್ಕೆ ಸೋಪಿನ ನೀರು ಬಳಿದು, ಪ್ಲಗ್ ತೂತಿನಿಂದ ಗಾಳಿ ಊದಿದರೆ ಬಿರುಕಿದ್ದಲ್ಲಿ ಗುಳ್ಳೆ ಏಳುತ್ತದೆ.

ಲೈಫ್ ಜಾಕೆಟ್ ವಿಷಯದಲ್ಲಿ ನಾವು ಯಾವ ಸಮಜಾಯಿಷಿಯನ್ನೂ ಒಪ್ಪುವುದಿಲ್ಲ. ಹತ್ತು ವರ್ಷದ ಮಕ್ಕಳಿಗೆ ದೊಡ್ಡವರ ಜಾಕೆಟ್ ತೊಡಿಸಿ, ಸೊಂಟದ ಪಟ್ಟಿಯನ್ನು ಗಂಟು ಹಾಕಿ ಕಳಿಸಿದರು. ಜಾಕೆಟ್ ತೊಡಿಸಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಬೇಕು. ಅದು ಕಿವಿಯವರೆಗೆ ಏರಿದರೆ ಮಗು ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ಮಗು ಅದರೊಳಗಿಂದ ಜಾರುತ್ತದೆ. ಮಕ್ಕಳ ಜಾಕೆಟ್ಟಿಗೆ ತೊಡೆಸಂದಿನ ಪಟ್ಟಿ ಇರುವುದೇ ಇದಕ್ಕಾಗಿ. ನಿಮ್ಮ ದೋಣಿಕಟ್ಟೆಯಲ್ಲಿ ಜಾಕೆಟ್‌ಗಳನ್ನು ಬಿಸಿಲಲ್ಲಿ ರಾಶಿ ಹಾಕಿ, ಅದರ ಮೇಲೆಯೇ ಸಿಬ್ಬಂದಿ ಕೂತಿದ್ದರು. ಹಾಗೆ ಮಾಡಿದರೆ ಒಳಗಿನ ಫೋಮ್ ಚಪ್ಪಟೆಯಾಗಿ ತೇಲಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಹಿಂಡಿದಾಗ ಫೋಮ್ ಮರಳಿ ಉಬ್ಬದಿದ್ದರೆ, ಬಕಲ್ ಒಡೆದಿದ್ದರೆ, ಆ ಜಾಕೆಟ್ಟನ್ನು ಎಸೆಯಬೇಕು. ಗೈಡ್ ಬಳಿ ಸೀಟಿಯಾಗಲಿ, ನೀರಿಗೆ ಬಿದ್ದವರತ್ತ ಎಸೆಯುವ ಹಗ್ಗದ ಚೀಲವಾಗಲಿ ಇರಲಿಲ್ಲ. ನೀರಿಗೆ ಒರಗಿದ ಬಿದಿರು ಮೆಳೆಯ ಅಡಿಯಲ್ಲೇ ದೋಣಿ ಹಾಯಿಸಿದರು. ನೀರು ಕೊಂಬೆಗಳ ನಡುವೆ ನುಸುಳಿ ಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಸೆಳವು ಕಡಿಮೆ ಇದ್ದರೂ ಅಂಥ ಕಡೆ ದೂರದಿಂದಲೇ ಸುತ್ತಿಕೊಂಡು ಹೋಗಬೇಕು.

ಗೈಡ್ ಹುಡುಗ ಮರ್ಯಾದಸ್ಥ, ಹುಟ್ಟು ಹಾಕುವುದರಲ್ಲಿ ಗಟ್ಟಿಗ. ಅವನ ಮೇಲೆ ನಮಗೆ ಸಿಟ್ಟಿಲ್ಲ, ತರಬೇತಿಯಿಲ್ಲದೆ ಕಳಿಸಿದವರ ಮೇಲಿದೆ. ಚಪ್ಪಟೆ ಬಂಡೆಯ ಮೇಲೆ ಮೀನಿನ ಹುರುಪೆ, ಸಣ್ಣ ಮುಳ್ಳು ತುಂಬಿದ, ಮೀನುವಾಸನೆಯ ಹಸಿ ಹಿಕ್ಕೆ ಬಿದ್ದಿತ್ತು. ಅದನ್ನು ಕಾಡುಬೆಕ್ಕಿನದು ಎಂದು ದಾಟಿಸಿದ. ಅದು ನೀರುನಾಯಿಯದು. ಒಂದೇ ಬಂಡೆಗೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವುದು ಅವುಗಳ ರೂಢಿ. ಹಿಕ್ಕೆಯಲ್ಲಿ ಏಡಿ ಚಿಪ್ಪಿನ ಚೂರೇ ಹೆಚ್ಚಿದ್ದರೆ ಬೆಟ್ಟದ ತೊರೆಗಳ ಚಿಕ್ಕ ಉಗುರಿನ ನೀರುನಾಯಿಯದೇ ಎಂದು ಅನುಮಾನಿಸಬಹುದು. ಪ್ರಾಣಿ ಕಾಣದಿದ್ದರೂ ಮಕ್ಕಳು ಅರ್ಧ ಗಂಟೆ ಕಲಿಯಬಹುದಾಗಿದ್ದ ಪಾಠ ಆ ಬಂಡೆಯ ಮೇಲಿತ್ತು. ಹಾವಕ್ಕಿಯನ್ನು ತೋರಿಸಿ ನೀರುಕಾಗೆಯ ಹೆಣ್ಣು ಎಂದ. ಹಾವಕ್ಕಿಯದು ಭರ್ಜಿಯಂಥ ನೇರ ಕೊಕ್ಕು, ನೀರುಕಾಗೆಯದು ತುದಿಯಲ್ಲಿ ಕೊಂಡಿ ಬಾಗಿದ್ದು. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ತಿಂಡಿಗೆ ನಿಲ್ಲಿಸಿದ್ದು ಹೊಳೆ ನಡುವಿನ ಜಲ್ಲಿಕಲ್ಲಿನ ದಿಣ್ಣೆಯ ಮೇಲೆ. ಇಳಿದ ಕ್ಷಣದಿಂದ ಜೋಡಿ ಟಿಟ್ಟಿಭಗಳು ತಲೆಯ ಮೇಲೆ ಚೀರುತ್ತಾ ಸುತ್ತುತ್ತಿದ್ದವು. ಹತ್ತಿರದಲ್ಲಿ ಗೂಡಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಗೂಡೆಂದರೆ ಕಲ್ಲುಗಳ ನಡುವಿನ ಒಂದು ತಗ್ಗು ಅಷ್ಟೇ. ಮೊಟ್ಟೆಗೂ ಕಲ್ಲಿನದೇ ಬಣ್ಣ, ಕಾಲ ಕೆಳಗೆ ಬಂದರೂ ತಿಳಿಯುವುದಿಲ್ಲ. ಬಿಸಿಲಲ್ಲಿ ತಾಯಿಹಕ್ಕಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ನಾವು ಕೂತಷ್ಟು ಹೊತ್ತೂ ಅದು ಹತ್ತಿರ ಸುಳಿಯಲಾಗಲಿಲ್ಲ. ಬೇಗ ಹೊರಡೋಣ ಎಂದು ನಾವೇ ಕೇಳಿದರೂ ಸ್ಪೀಕರ್‌ನಲ್ಲಿ ಹಾಡು ಮುಂದುವರಿಯಿತು. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಇಂಥ ದಿಣ್ಣೆಗಳಲ್ಲಿ ದೋಣಿ ಕಟ್ಟಲೇಬಾರದು. ಇನ್ನು, ಮಹಶೀರ್ ಮೀನು ಮೇಲೆ ಬರಲೆಂದು ಮಂಡಕ್ಕಿ, ಬ್ರೆಡ್ ಎರಚಿದ್ದನ್ನು ಇಂದೇ ನಿಲ್ಲಿಸಿ. ಕಾವೇರಿ ಕಣಿವೆಗೆ ಮಾತ್ರ ಸೇರಿದ ಗೂನುಬೆನ್ನಿನ ಮಹಶೀರ್ ತೀವ್ರ ಅಳಿವಿನಂಚಿನಲ್ಲಿದೆ. ಅದನ್ನು ತೋರಿಸುವ ರೀತಿ ಇದಲ್ಲ.

ನಮ್ಮ ಬೇಡಿಕೆ ಇಷ್ಟು. ತಲಾ 900 ರೂಪಾಯಿ ವಾಪಸ್ ಕೊಡಿ. ಮಕ್ಕಳ ಅಳತೆಯ ಜಾಕೆಟ್, ಸೀಟಿ ಮತ್ತು ಹಗ್ಗ ಬರುವವರೆಗೆ, ಸೋರುವ ಕಯಾಕ್‌ಗಳು ದುರಸ್ತಿಯಾಗುವವರೆಗೆ ಶಾಲಾ ತಂಡಗಳ ಬುಕಿಂಗ್ ನಿಲ್ಲಿಸಿ. ಹೊಳೆಬದಿಯಲ್ಲೇ ಹುಟ್ಟಿ ಬೆಳೆದ, ಹಕ್ಕಿಗಳ ಕೂಗು ಬಲ್ಲವರು ನಿಮ್ಮ ಸುತ್ತಲಿನ ಆದಿವಾಸಿ ಹಾಡಿಗಳಲ್ಲಿ, ಊರುಗಳಲ್ಲಿ ಇದ್ದಾರೆ. ಅವರಿಗೆ ಸರಿಯಾದ ಸಂಬಳ ಕೊಟ್ಟು ಗೈಡ್‌ಗಳ ಜೊತೆ ದೋಣಿ ಹತ್ತಿಸಿ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಅಡಿ ಸೇವಾ ನ್ಯೂನತೆಯ ಬಗ್ಗೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇವೆ.

ಇಂತಿ,
ಪ್ರವಾಸಕ್ಕೆ ಬಂದಿದ್ದ ಪೋಷಕರು ಮತ್ತು ಪಕ್ಷಿ ವೀಕ್ಷಕರು,
ಮಡಿಕೇರಿ

ಲಗತ್ತು: ಹಣ ಪಾವತಿ ರಸೀದಿ, ಬುಕಿಂಗ್ ಸಂದೇಶದ ಪ್ರತಿ, ಜಾಕೆಟ್ ಮತ್ತು ಕಯಾಕ್ ತಳದ ಫೋಟೊಗಳು.