ಪತ್ತಿನ ದುರಸ್ತಿಗೆ ಏಜೆಂಟರು ಬೇಕಿಲ್ಲ, ಬ್ಯಾಂಕಿನ ಪತ್ರದಲ್ಲಿ ಕನ್ನಡದ ಎರಡು ಸಾಲು ಬೇಕು

ಸಂಪಾದಕರಿಗೆ,

ಮಾನ್ಯರೆ,

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಅದರ ಎದುರಿನ ವಿದ್ಯುತ್ ಕಂಬಕ್ಕೆ ಯಾರೋ ಹಳದಿ ಕಾಗದ ಅಂಟಿಸುತ್ತಾರೆ: ‘ಸಿಬಿಲ್ ಸ್ಕೋರ್ ಸರಿಪಡಿಸಿಕೊಡಲಾಗುವುದು, ನೂರಕ್ಕೆ ನೂರು ಗ್ಯಾರಂಟಿ’. ಸಾಲದ ಕಂತುಗಳನ್ನು ನಾವು ಹೇಗೆ ಕಟ್ಟಿದ್ದೇವೆ ಎಂಬುದಕ್ಕೆ ಕೊಡುವ ಅಂಕವೇ ಈ ಸ್ಕೋರ್, ಬ್ಯಾಂಕಿನವರು ಸಾಲ ಕೊಡುವ ಮುನ್ನ ನೋಡುವುದು ಇದನ್ನೇ. ಮಳೆಗೆ ಒಂದು ಕಾಗದ ಹರಿದುಹೋದರೆ ವಾರದೊಳಗೆ ಅದೇ ಜಾಗದಲ್ಲಿ ಇನ್ನೊಂದು ಹತ್ತಿರುತ್ತದೆ. ಇಂಥದೇ ಕಾಗದಗಳನ್ನು ಹಳೇ ಹುಬ್ಬಳ್ಳಿಯಲ್ಲಿ, ಧಾರವಾಡದ ಸುಭಾಷ ರಸ್ತೆಯಲ್ಲಿ, ಬೆಟಗೇರಿಯಲ್ಲಿ ಕಂಡಿದ್ದೇನೆ. ಇಂಥ ಒಬ್ಬರಿಗೆ ಹಣ ಕೊಟ್ಟು ಕೈಸುಟ್ಟುಕೊಂಡವನೂ ನಾನೇ, ಆಮೇಲೆ ಆ ಕೆಲಸವನ್ನು ಸೇವಾಶುಲ್ಕದ ಒಂದು ರೂಪಾಯಿಯೂ ಇಲ್ಲದೆ ಸ್ವತಃ ಮಾಡಿಕೊಂಡವನೂ ನಾನೇ ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಲೇತ್ ಯಂತ್ರಕ್ಕಾಗಿ ಒಂದು ಹಣಕಾಸು ಸಂಸ್ಥೆಯಿಂದ ಪಡೆದಿದ್ದ ಸಾಲ ಕೋವಿಡ್ ಲಾಕ್‌ಡೌನಿನಲ್ಲಿ ಬಾಕಿ ಬಿತ್ತು. 2021ರ ಕೊನೆಗೆ ಅಸಲು, ಬಡ್ಡಿ ಸೇರಿ ₹46,000 ಉಳಿದಿತ್ತು. ವಸೂಲಿಗೆ ಬರುತ್ತಿದ್ದ ಹುಡುಗ ಒಂದು ದಿನ, ‘ಸರ್, ಮೂವತ್ತೈದು ಸಾವಿರ ಒಮ್ಮೆಗೇ ಕಟ್ಟಿಬಿಡ್ರಿ, ಕ್ಲೋಸ್ ಮಾಡಿಸಿಬಿಡ್ತೀನಿ’ ಎಂದ. ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದೆ. ಕೈಗೆ ಬಂದ ಒಂದು ಪುಟದ ಇಂಗ್ಲಿಷ್ ಪತ್ರವನ್ನು ದೇವರ ಜಗಲಿಯ ಕೆಳಗಿನ ಖಾನೆಯಲ್ಲಿ ಇಟ್ಟು, ಸಾಲ ಹರಿಯಿತು ಎಂದು ನಿರಾಳನಾದೆ. 2024ರಲ್ಲಿ ಎರಡನೆಯ ಯಂತ್ರಕ್ಕೆಂದು ಬ್ಯಾಂಕಿಗೆ ಹೋದಾಗ ಅಧಿಕಾರಿಗಳು ಪರದೆಯನ್ನು ತಮ್ಮ ಕಡೆಗೇ ತಿರುಗಿಸಿಕೊಂಡು, ‘ನಿಮ್ಮ ಸಿಬಿಲ್ ಚೆನ್ನಾಗಿಲ್ಲ’ ಎಂದು ಕಾಗದಪತ್ರಗಳನ್ನು ಮರಳಿಸಿದರು. ಏನು ಚೆನ್ನಾಗಿಲ್ಲ, ಯಾವ ಸಾಲಿನಲ್ಲಿ ಚೆನ್ನಾಗಿಲ್ಲ ಎಂದು ಹೇಳಲಿಲ್ಲ. ಅಲ್ಲಿಂದ ಹೊರಬಿದ್ದವನು ನೆಟ್ಟಗೆ ಆ ಕಂಬದ ನಂಬರಿಗೆ ಫೋನ್ ಮಾಡಿದೆ.

ಏಜೆಂಟರು ಕೇಳಿದ್ದು ₹12,000, ಅದರಲ್ಲಿ ಅರ್ಧ ಮುಂಗಡ. ಆಧಾರ್, ಪ್ಯಾನ್ ಪ್ರತಿಗಳನ್ನು ತೆಗೆದುಕೊಂಡರು, ಮೊಬೈಲಿಗೆ ಬಂದ ಒಟಿಪಿಯನ್ನು ಎರಡು ಸಲ ಹೇಳಿಸಿಕೊಂಡರು. ‘ಹದಿನೈದು ದಿನದಾಗ ಏಳುನೂರಾ ಐವತ್ತಕ್ಕ ಒಯ್ತೀನ್ರಿ’ ಎಂದರು. ಅವರು ಮಾಡಿದ್ದೇನೆಂದು ತಿಳಿದದ್ದು ನಂತರ: ನನ್ನ ಹೆಸರಿನಲ್ಲಿ ಲಾಗಿನ್ ಮಾಡಿ, ನನ್ನ ಸಾಲಗಳ ಚರಿತ್ರೆಯಿರುವ ವರದಿಯಲ್ಲಿದ್ದ ಎಲ್ಲ ಸಾಲಗಳನ್ನೂ ‘ಇವು ನನ್ನವಲ್ಲ’ ಎಂದು ಒಂದೇ ಏಟಿಗೆ ತಕರಾರು ಹಾಕಿದ್ದರು. ನಾನು ಸರಿಯಾಗಿ ಕಟ್ಟಿ ಮುಗಿಸಿದ್ದ ಹಳೆಯ ಬಂಗಾರದ ಸಾಲವೂ ಅದರಲ್ಲಿತ್ತು. ಸಾಲ ಕೊಟ್ಟವರು ‘ದಾಖಲೆ ಸರಿಯಾಗಿದೆ’ ಎಂದು ಉತ್ತರಿಸಿದರು. ಅಲ್ಲಿಗೆ ಏಜೆಂಟರ ವಿದ್ಯೆ ಮುಗಿಯಿತು, ನನ್ನ ₹6,000 ಕೂಡ.

ಆಮೇಲೆ ಮಗಳು ವರದಿಯನ್ನು ಮುದ್ರಿಸಿ ತಂದು ನನ್ನ ಮುಂದಿಟ್ಟಳು. ಸಾಲಗಾರರ ದಾಖಲೆ ಇಟ್ಟು ಇಂಥ ವರದಿ ಕೊಡುವ, ಆರ್‌ಬಿಐ ಪರವಾನಗಿ ಪಡೆದ ಕ್ರೆಡಿಟ್ ಮಾಹಿತಿ ಕಂಪನಿಗಳು ದೇಶದಲ್ಲಿ ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕೂ ಕಂಪನಿಗಳು ಕೇಳಿದ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಸ್ಕೋರ್ ಸಹಿತ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು ಎಂಬ ನಿಯಮ 2017ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮ ವರದಿಯನ್ನು ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಇಳಿಸುವುದು ಒಂದೇ ತಿಂಗಳಲ್ಲಿ ನಾಲ್ಕೈದು ಕಡೆ ಸಾಲಕ್ಕೆ ಅರ್ಜಿ ಹಾಕುವುದು. ಒಂದು ಬ್ಯಾಂಕ್ ಇಲ್ಲವೆಂದ ಕೂಡಲೇ ಇನ್ನೊಂದಕ್ಕೆ ಓಡುವವರಿಗೆ ಇದು ಗೊತ್ತಿರುವುದಿಲ್ಲ.

ಆ ವರದಿಯನ್ನು ಓದುವುದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ಓದಿದಂತೆಯೇ. ಪ್ರತಿ ಸಾಲಕ್ಕೂ ಚೌಕಗಳ ಒಂದು ಪಟ್ಟಿ, ತಿಂಗಳಿಗೊಂದು ಚೌಕ, ಗರಿಷ್ಠ 36 ತಿಂಗಳು. ಚೌಕದಲ್ಲಿ 000 ಎಂದಿದ್ದರೆ ಆ ತಿಂಗಳ ಕಂತು ಹೊತ್ತಿಗೆ ಸಂದಿದೆ ಎಂದರ್ಥ. 030 ಎಂದರೆ ಮೂವತ್ತು ದಿನ ತಡ. ತೊಂಬತ್ತು ದಿನ ದಾಟಿತೆಂದರೆ ಸಾಮಾನ್ಯವಾಗಿ ಅದು ಬ್ಯಾಂಕಿನ ಲೆಕ್ಕದಲ್ಲಿ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಬೆಳೆಸಾಲಕ್ಕೆ ಮಾತ್ರ ಹಂಗಾಮಿನ ಲೆಕ್ಕ ಬೇರೆ. ನನ್ನ ಪಟ್ಟಿಯಲ್ಲಿ ಸೊನ್ನೆಗಳು ಸಾಲಾಗಿ ಬಂದು, 2020ರ ಬೇಸಿಗೆಯಿಂದಾಚೆ ಅಂಕಿಗಳು ಒಂದೊಂದೇ ಮೇಲೇರಿದ್ದವು. ನೋಡುತ್ತ ಕುಳಿತಾಗ ಶಟರ್ ಎಳೆದ ಆ ದಿನಗಳೇ ಎದುರಿಗೆ ಬಂದವು. ಕೊನೆಗೆ ಸಾಲದ ಸ್ಥಿತಿ ಎಂಬಲ್ಲಿ ‘ಕ್ಲೋಸ್ಡ್’ ಎಂದಿರಲಿಲ್ಲ, ‘ಸೆಟಲ್ಡ್’ ಎಂದಿತ್ತು.

ಇಡೀ ರಗಳೆ ಈ ಎರಡು ಶಬ್ದಗಳ ನಡುವೆ ಇದೆ. ಕ್ಲೋಸ್ಡ್ ಎಂದರೆ ಪೂರ್ತಿ ಕಟ್ಟಿ ಮುಗಿಸಿದ್ದು. ಸೆಟಲ್ಡ್ ಎಂದರೆ ಸಾಲ ಕೊಟ್ಟವರು ಒಂದಿಷ್ಟು ಬಿಟ್ಟುಕೊಟ್ಟು ರಾಜಿ ಮಾಡಿಕೊಂಡದ್ದು; ನನ್ನ ಪಾಲಿಗೆ ಹಾಗೆ ಬಿಟ್ಟುಕೊಟ್ಟದ್ದು ₹11,000. ಮುಂದೆ ಸಾಲ ಕೊಡುವವರು ಎರಡನೆಯ ಶಬ್ದವನ್ನು ಕಂಡರೆ ಹಿಂಜರಿಯುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ. ಆದರೆ ಮೂವತ್ತೈದು ಸಾವಿರ ಕಟ್ಟಿಸಿಕೊಂಡ ದಿನ ಈ ವ್ಯತ್ಯಾಸವನ್ನು ಒಬ್ಬರಾದರೂ ನನಗೆ ಹೇಳಿದ್ದರೆ, ಇನ್ನು ಹನ್ನೊಂದು ಸಾವಿರವನ್ನು ನಾಲ್ಕು ಕಂತಿನಲ್ಲಿ ಕಟ್ಟುತ್ತೇನೆ ಎಂದು ನಾನೇ ಬೇಡಿಕೊಳ್ಳುತ್ತಿದ್ದೆ. ಓಟಿಎಸ್, ಅಂದರೆ ಒಂದೇ ಬಾರಿಗೆ ರಾಜಿ ಮಾಡಿ ಸಾಲ ಮುಗಿಸುವ ಮೇಳ ನಡೆಸಿ, ಬ್ಯಾನರ್ ಕಟ್ಟಿ, ‘ಒಂದೇ ಬಾರಿಗೆ ಸಾಲಮುಕ್ತರಾಗಿ’ ಎಂದು ಕರೆಯುವ ಯಾವ ಸಂಸ್ಥೆಯೂ ಈ ಸಂಗತಿಯನ್ನು ಬ್ಯಾನರಿನ ಮೂಲೆಯಲ್ಲಿ ಬರೆದದ್ದನ್ನು ನಾನಂತೂ ಕಂಡಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ವಿಚಿತ್ರವೂ ಇತ್ತು. ನಾನು ಎಂದೂ ಕೊಳ್ಳದ ಬೈಕಿನ ಸಾಲ, ಏಳು ಕಂತು ಬಾಕಿ. ನನ್ನ ಹೆಸರು, ಅಡ್ಡಹೆಸರು ಎರಡೂ ನಮ್ಮ ಭಾಗದಲ್ಲಿ ಓಣಿಗೊಬ್ಬರಿಗೆ ಇರುವಂಥವು. ಹುಟ್ಟಿದ ದಿನವಂತೂ ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ಜೂನ್ 1. ನನ್ನ ವಾರಿಗೆಯ ಎಷ್ಟು ಜನ ಜೂನ್ 1ರಂದೇ ಹುಟ್ಟಿದವರಿದ್ದಾರೆ ಎಂಬುದು ಉತ್ತರ ಕರ್ನಾಟಕದವರಿಗೆ ಹೊಸದಾಗಿ ಹೇಳಬೇಕಿಲ್ಲ. ಹೆಸರು ಒಂದೇ, ಹುಟ್ಟಿದ ದಿನ ಒಂದೇ, ಊರು ಹುಬ್ಬಳ್ಳಿಯೇ, ಆ ಸಾಲದ ದಾಖಲೆಯಲ್ಲಿ ಪ್ಯಾನ್ ನಂಬರಿನ ಜಾಗ ಖಾಲಿ; ಹೀಗಿರುವಾಗ ಕಂಪ್ಯೂಟರ್ ಇಬ್ಬರನ್ನು ಒಬ್ಬನನ್ನಾಗಿ ಮಾಡಿದ್ದು ಆಶ್ಚರ್ಯವಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಕಾಲದಲ್ಲಿ ಸಾಲ ಕೊಡುವವರಿಗೆ ಸಾಲಗಾರನ ಮುಖ ಗೊತ್ತಿತ್ತು, ಹೊಲ ಗೊತ್ತಿತ್ತು. ಈಗ ಪತ್ತು ಎಂಬುದು ಮುಖ ನೋಡದ ಯಂತ್ರದ ಲೆಕ್ಕ. ಅದು ತಪ್ಪಿದಾಗ ತಪ್ಪಿದೆ ಎಂದು ತೋರಿಸುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ.

ತೋರಿಸುವ ದಾರಿ ಮಾತ್ರ ಕಷ್ಟದ್ದಲ್ಲ. ವರದಿ ಕೊಟ್ಟ ಕಂಪನಿಯ ಜಾಲತಾಣದಲ್ಲಿ ಬೈಕಿನ ಸಾಲ ಒಂದರ ಮೇಲಷ್ಟೇ ತಕರಾರು ಹಾಕಿ, ಸಾಲ ಕೊಟ್ಟವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆದು, ಸಾಲದ ಅರ್ಜಿಯ ಮೇಲಿನ ಸಹಿ ಮತ್ತು ಫೋಟೋ ತೋರಿಸಿ ಎಂದು ಕೇಳಿದೆ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ ಪ್ರಕಾರ ಇಂಥ ದೂರನ್ನು 30 ದಿನಗಳಲ್ಲಿ ಮುಗಿಸಬೇಕು, ಅದರೊಳಗೆ ಸಾಲ ಕೊಟ್ಟವರು ತಿದ್ದಿದ ಮಾಹಿತಿ ಕಳಿಸಲು 21 ದಿನ. 2024ರ ಏಪ್ರಿಲ್‌ನಿಂದ, ಅವಧಿ ಮೀರಿದರೆ ದಿನಕ್ಕೆ ₹100ರಂತೆ ದೂರುದಾರರಿಗೆ ಪರಿಹಾರ ಕೊಡಬೇಕೆಂದು ಆರ್‌ಬಿಐ ವಿಧಿಸಿದೆ. ತಿದ್ದಲು ಒಪ್ಪದಿದ್ದರೆ ಕಾರಣವನ್ನೂ ತಿಳಿಸಬೇಕು. ನನ್ನ ತಕರಾರು 26ನೆಯ ದಿನಕ್ಕೆ ಮುಗಿದು ಬೈಕು ನನ್ನ ವರದಿಯಿಂದ ಇಳಿಯಿತು. ಖರ್ಚಾದದ್ದು ಅಂಚೆ ವೆಚ್ಚ ಮತ್ತು ಜೆರಾಕ್ಸಿನ ದುಡ್ಡು.

30 ದಿನ ಕಳೆದರೂ ಉತ್ತರ ಬಾರದವರು, ಬಂದ ಉತ್ತರ ಒಪ್ಪಿಗೆಯಾಗದವರು ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. 2021ರ ಸಮಗ್ರ ಒಂಬುಡ್ಸ್‌ಮನ್ ಯೋಜನೆಯೊಳಗೆ ಕ್ರೆಡಿಟ್ ಮಾಹಿತಿ ಕಂಪನಿಗಳನ್ನು 2022ರ ಸೆಪ್ಟೆಂಬರಿನಲ್ಲಿ ಸೇರಿಸಲಾಯಿತು. ಅದಕ್ಕೂ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಮಾಹಿತಿಗೆ 14448 ನಂಬರಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಲೇಬೇಕು. ತಪ್ಪು ದಾಖಲೆಯನ್ನು ನಾವೇ ತಿದ್ದಿಸಬಹುದು, ಸರಿಯಾದ ದಾಖಲೆಯನ್ನು ಯಾರೂ ಅಳಿಸಲಾರರು. ನಾನು ಸಾಲ ಕೊಟ್ಟ ಸಂಸ್ಥೆಗೆ ಹೋಗಿ ಬಿಟ್ಟುಕೊಟ್ಟ ₹11,000ವನ್ನು ಕಟ್ಟುತ್ತೇನೆ ಎಂದೆ. ಅವರಿಗೇ ಮೊದಲು ನಂಬಿಕೆಯಾಗಲಿಲ್ಲ, ಮೂರು ಸಲ ಓಡಾಡಿಸಿದರು. ಕೊನೆಗೆ ಕಟ್ಟಿಸಿಕೊಂಡು, ಬಾಕಿ ಇಲ್ಲವೆಂಬ ಪ್ರಮಾಣಪತ್ರ ಕೊಟ್ಟು, ಸೆಟಲ್ಡ್ ಎಂಬುದನ್ನು ಕ್ಲೋಸ್ಡ್ ಎಂದು ಬದಲಿಸಿ ಕಳಿಸಿದರು. ಆದರೂ ಆ ಚೌಕಗಳೊಳಗಿನ 060, 090 ಹಾಗೆಯೇ ಇದ್ದವು. ಇರಬೇಕಾದದ್ದೇ, ಆ ತಿಂಗಳುಗಳಲ್ಲಿ ನಾನು ಕಂತು ಕಟ್ಟಿರಲಿಲ್ಲವಲ್ಲ. ಅವುಗಳ ಭಾರವನ್ನು ಇಳಿಸಲು ಇರುವ ಉಪಾಯ ಒಂದೇ: ಅವುಗಳ ಮುಂದೆ ಹೊಸ ಸೊನ್ನೆಗಳನ್ನು ಸೇರಿಸುತ್ತ ಹೋಗುವುದು. ಸ್ವಂತ ಠೇವಣಿಯ ಮೇಲೆ ಸಣ್ಣ ಮಿತಿಯ ಕ್ರೆಡಿಟ್ ಕಾರ್ಡ್ ಪಡೆದು, ಅದರ ಮಿತಿಯಲ್ಲಿ ಮೂರನೆಯ ಒಂದು ಪಾಲನ್ನೂ ದಾಟದಂತೆ ಬಳಸಿ, ಬಿಲ್ಲನ್ನು ಪೂರ್ತಿ ಕಟ್ಟುತ್ತ ಬಂದೆ. 2025ರ ಜನವರಿಯಲ್ಲಿ, ಸಾಲ ಕೊಟ್ಟವರು ಸಾಲದ ಮಾಹಿತಿಯನ್ನು ಹದಿನೈದು ದಿನಕ್ಕೊಮ್ಮೆ ಕಳಿಸಬೇಕೆಂಬ ನಿಯಮ ಬಂದಂದಿನಿಂದ ಕಟ್ಟಿದ್ದು ಮೊದಲಿಗಿಂತ ಬೇಗ ದಾಖಲಾಗುತ್ತದೆ. ಕಟ್ಟದ್ದೂ ಅಷ್ಟೇ ಬೇಗ.

ಹಾಗಾದರೆ ಪರಿಣತರ ನೆರವು ಯಾರಿಗೂ ಬೇಡವೇ ಎಂದರೆ, ಹಾಗಲ್ಲ. ನಿಮ್ಮ ಪ್ಯಾನ್ ಕದ್ದು ಯಾರೋ ಸಾಲ ಎತ್ತಿದ್ದರೆ ಸೈಬರ್ ಠಾಣೆಯಲ್ಲಿ ದೂರು ಕೊಡಬೇಕಾಗುತ್ತದೆ, ಅಲ್ಲಿ ವಕೀಲರೊಬ್ಬರು ಜೊತೆಗಿರುವುದು ಒಳ್ಳೆಯದು. ವ್ಯಾಪಾರದ ಸಾಲ ಸಿಕ್ಕುಬಿದ್ದು ಪುನರ್‌ರಚನೆಗೆ ಬ್ಯಾಂಕಿನೊಂದಿಗೆ ಮಾತಾಡುವಾಗ ಲೆಕ್ಕಪರಿಶೋಧಕರಿಗೆ ಕೊಡುವ ಫೀ ವ್ಯರ್ಥವಲ್ಲ. ಸಾಲಗಳೇ ಕೈಮೀರಿದ್ದರೆ ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕಿನ ಆರ್ಥಿಕ ಸಾಕ್ಷರತಾ ಕೇಂದ್ರದಲ್ಲಿ ಉಚಿತ ಸಲಹೆ ಸಿಗುತ್ತದೆ. ಹಣ ಪಡೆದು ಪತ್ರ ಬರೆದುಕೊಡುವವರಲ್ಲಿಯೂ ಪ್ರಾಮಾಣಿಕರು ಇರಬಹುದು. ಓದು ಬಾರದವರಿಗೆ, ಹೊತ್ತಿಲ್ಲದವರಿಗೆ ಅವರು ಉಪಯೋಗಕ್ಕೆ ಬರಲೂಬಹುದು. ಆದರೆ ಮುಂಗಡ ಕೇಳುವವರು, ಇಂತಿಷ್ಟೇ ಸ್ಕೋರಿಗೆ ಗ್ಯಾರಂಟಿ ಕೊಡುವವರು, ಒಟಿಪಿ ಕೇಳುವವರು ಈ ಪೈಕಿಯವರಲ್ಲ. ಅಮೆರಿಕದಲ್ಲಿ 1996ರಲ್ಲಿಯೇ ಕಾಯ್ದೆ ಮಾಡಿ, ಹೇಳಿದ ಕೆಲಸ ಮುಗಿಯುವ ಮುನ್ನ ಇಂಥ ಸಂಸ್ಥೆಗಳು ಹಣ ಪಡೆಯಕೂಡದೆಂದು ಕಟ್ಟು ಹಾಕಿದ್ದಾರೆ. ಮುಂಗಡದ ಆರು ಸಾವಿರ ಕಳೆದುಕೊಂಡವನಿಗೆ ಆ ಕಾಯ್ದೆಯ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ.

ನನಗಿಂತ ಹೆಚ್ಚು ಚಿಂತೆ ನನ್ನ ಓಣಿಯ ಹೆಣ್ಣುಮಕ್ಕಳದ್ದು. ಸಂಘದ ಸಾಲ ಎತ್ತುವುದು ಒಬ್ಬಾಕಿ, ದುಡ್ಡು ಬಳಸುವುದು ಇನ್ನೊಬ್ಬಾಕಿ, ಇದು ಇಲ್ಲಿ ನಿತ್ಯದ ವ್ಯವಹಾರ. ಬಳಸಿದವರು ಊರು ಬಿಟ್ಟರೆ ಚೌಕಗಳು ತುಂಬುವುದು ಎತ್ತಿದವರ ಹೆಸರಿನಲ್ಲಿ. ಬ್ಯಾಂಕಿನ ಸಾಲಕ್ಕೆ ಬೀಗರಿಗೆಂದು ಜಾಮೀನು ಹಾಕಿದವರ ವರದಿಗೂ ಆ ಬಾಕಿ ಬಂದು ಕೂರುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದದ್ದು ಸ್ವಾಗತಾರ್ಹ, ಆದರೆ ಆರ್‌ಬಿಐ ನೋಂದಣಿಯ ಸಂಸ್ಥೆಯಲ್ಲಿ ಬಾಕಿಯಾದ ಕಂತಿನ ದಾಖಲೆಯನ್ನು ಅದು ಅಳಿಸುವುದಿಲ್ಲ. ‘ಸರ್ಕಾರ ಸಾಲ ತೆಗೆದುಹಾಕಿತು’ ಎಂದು ಕಂತು ನಿಲ್ಲಿಸಿದ ಮೂವರು ನನಗೇ ಗೊತ್ತು.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಲೀಡ್ ಬ್ಯಾಂಕ್ ವ್ಯವಸ್ಥಾಪಕರಲ್ಲಿ ನನ್ನದೊಂದು ವಿನಂತಿ. ಪ್ರತಿ ರಾಜಿ ಪತ್ರದ ಮೇಲೆ, ಸಾಲಗಾರರು ಸಹಿ ಮಾಡುವ ಜಾಗಕ್ಕಿಂತ ಮೇಲೆ, ದಪ್ಪ ಕನ್ನಡ ಅಕ್ಷರಗಳಲ್ಲಿ ಹೀಗೆ ಮುದ್ರಿಸುವಂತೆ ಎಲ್ಲ ಶಾಖೆಗಳಿಗೆ ಸೂಚಿಸಬೇಕು: ‘ಈ ಮೊತ್ತ ಕಟ್ಟಿದರೆ ನಿಮ್ಮ ಸಾಲ ಪೂರ್ತಿ ತೀರಿದೆ ಎಂದು ದಾಖಲಾಗುವುದಿಲ್ಲ, ರಾಜಿಯಾಗಿದೆ ಎಂದು ದಾಖಲಾಗುತ್ತದೆ. ಪೂರ್ತಿ ತೀರಿದೆ ಎಂದಾಗಬೇಕಾದರೆ ಇನ್ನೂ ಕಟ್ಟಬೇಕಾದ ಮೊತ್ತ ಇಷ್ಟು.’ ಸಾಲ ನಿರಾಕರಿಸಿದಾಗಲೂ ಯಾವ ಕಂಪನಿಯ ವರದಿಯಲ್ಲಿ ಯಾವ ಖಾತೆಯ ಕಾರಣಕ್ಕೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಲಿ. ಆ ಚೀಟಿ ಕೈಯಲ್ಲಿದ್ದವರು ಕಂಬದ ಮೇಲಿನ ನಂಬರಿಗೆ ಫೋನ್ ಮಾಡುವುದಿಲ್ಲ.

ಇಂತಿ,
ಗೋಕುಲ ರಸ್ತೆಯ ಒಬ್ಬ ಲೇತ್ ಕೆಲಸಗಾರ
ಹುಬ್ಬಳ್ಳಿ