ಗಟಾರದ ರಾಡಿಯನ್ನು ಎತ್ತಿದ ದಿನವೇ ಸಾಗಿಸಿರಿ: ಪುರಸಭೆ ಮುಖ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯಾಧಿಕಾರಿಗಳಿಗೆ ನಮಸ್ಕಾರಗಳು.

ಬಾಗಲಕೋಟೆ ಜಿಲ್ಲೆಯ ಈ ಪಟ್ಟಣದ ಒಂದೇ ಓಣಿಯಲ್ಲಿ 22 ವರ್ಷಗಳಿಂದ ವಾಸವಾಗಿರುವ ನಾನು, ನಾಲ್ಕು ಅರ್ಜಿ ಕೊಟ್ಟು ನಾಲ್ಕು ಸ್ವೀಕೃತಿ ಚೀಟಿಗಳನ್ನಷ್ಟೇ ಪಡೆದ ಮೇಲೆ, ಬೇರೆ ದಾರಿ ಕಾಣದೆ ಇದನ್ನು ಎಲ್ಲರೆದುರು ಬರೆಯುತ್ತಿದ್ದೇನೆ. ಬೇಡಿಕೆ ಒಂದೇ: ಗಟಾರದಿಂದ ಎತ್ತಿದ ರಾಡಿಯನ್ನು ಅಂದೇ ಟ್ರ್ಯಾಕ್ಟರಿಗೆ ತುಂಬಿ ಊರ ಹೊರಗೆ ಸಾಗಿಸಿರಿ.

ಈಗ ಸಲಿಕೆಯಿಂದ ಎತ್ತಿದ ರಾಡಿ ನಮ್ಮ ಕಟ್ಟೆಯ ಮಗ್ಗುಲಲ್ಲೇ ಗುಡ್ಡೆಯಾಗಿ ಬೀಳುತ್ತದೆ. ನೀರು ಬಸಿಯಲಿ ಎಂಬ ನೆಪದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಮಳೆ ಬಂದರೆ ಮರಳಿ ಅದೇ ಗಟಾರಕ್ಕೆ ಇಳಿಯುತ್ತದೆ. ಅದರ ಮೇಲೆ ಬ್ಲೀಚಿಂಗ್ ಪುಡಿ ಉದುರಿಸಿ ಹೋಗುವುದನ್ನು ಸ್ವಚ್ಛತೆ ಎನ್ನಲಾಗದು. ಪುಡಿಯಲ್ಲಿರುವ ಕ್ಲೋರಿನ್‌ನ ಶಕ್ತಿಯೆಲ್ಲ ಆ ಕೊಳೆಯಲ್ಲೇ ತೀರಿಹೋಗುತ್ತದೆ; ಕೊಳೆ ತೆಗೆದು, ನೀರು ಹೊಯ್ದು ತೊಳೆದ ಮೇಲೆ ಹಾಕಿದರಷ್ಟೇ ಅದು ರೋಗಾಣುಗಳನ್ನು ಸರಿಯಾಗಿ ಕೊಲ್ಲಬಲ್ಲದು. ತಿಕ್ಕದ ಬಚ್ಚಲಿಗೆ ಫಿನಾಯಿಲ್ ಸುರಿದರೆ ಯಾವ ಮನೆಯಲ್ಲೂ ಒಪ್ಪುವುದಿಲ್ಲ.

ಕಳೆದ ಶ್ರಾವಣದ ಒಂದು ಮುಂಜಾನೆ, ನಮ್ಮ ಮನೆಯೆದುರು ಗಟಾರದ ಮೇಲಿನ ಫರಸಿ ಸರಿಸಿ ಬರಿಗೈಯಿಂದ ರಾಡಿ ಬಾಚುತ್ತಿದ್ದ ಪೌರಕಾರ್ಮಿಕರೊಬ್ಬರಿಗೆ ಒಡೆದ ಬಾಟಲಿಯ ಚೂರು ನಾಟಿ, ಅಂಗೈ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಸೀಳಿತು. ನನ್ನ ಹೆಂಡತಿ ಒಂದು ಕೊಡ ನೀರು ಹೊಯ್ದು ತೊಳೆದರೂ ಗಾಯದೊಳಗಿನ ಕಪ್ಪು ಹೋಗಲಿಲ್ಲ. ಧನುರ್ವಾಯುವಿನ ಇಂಜೆಕ್ಷನ್ ಕೊಡಿಸಲು ಬೈಕಿನ ಮೇಲೆ ಕೂರಿಸಿಕೊಂಡಾಗ ಅವರು ಕೇಳಿಕೊಂಡದ್ದು ಇಷ್ಟೇ: “ಸಾಹೇಬ್ರ ಮುಂದ ಹೇಳಬ್ಯಾಡ್ರಿ, ನಾಳಿಂದ ಕೆಲಸಕ್ಕ ಬರಬ್ಯಾಡ ಅಂದಾರು.” ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಕೆಲಸಗಾರರಿಗೆ ಕೈಗವಸು, ತಕ್ಕ ಪಾದರಕ್ಷೆ, ಮುಖಗವಸು ಒದಗಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಅದು ತಮಗೆ ತಿಳಿಯದ ಸಂಗತಿಯೆಂದು ನಾನು ನಂಬಲಾರೆ. ತಿಳಿದೂ ಆ ಮನುಷ್ಯನನ್ನು ಬರಿಗೈಯಲ್ಲಿ ಇಳಿಸಿದ್ದು ಹೇಗೆ? ಇದಕ್ಕೆ ಉತ್ತರ ಬೇಕು. ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಉತ್ತರವಲ್ಲ.

ಮೊನ್ನೆ ಎತ್ತಿದ ರಾಡಿಯೂ ನಮ್ಮ ಕಟ್ಟೆಯ ಮಗ್ಗುಲಲ್ಲೇ ಇದೆ. ಪಕ್ಕದ ಮನೆಯ ಮಗು ಬಾಗಿಲು ದಾಟದಂತೆ ಅದರ ತಾಯಿ ಹೊಸ್ತಿಲಿಗೆ ಹಲಗೆ ಅಡ್ಡ ಇಟ್ಟಿದ್ದಾರೆ. ಮಧ್ಯಾಹ್ನದಿಂದ ಮೋಡ ಕಟ್ಟಿದೆ. ಮಳೆ ಬರುವ ಮೊದಲು ಟ್ರ್ಯಾಕ್ಟರ್ ಕಳಿಸಿರಿ, ಅದನ್ನು ತುಂಬುವವರ ಕೈಗೆ ಕೈಗವಸು ಕೊಟ್ಟು ಕಳಿಸಿರಿ.

ಇತಿ,
ತಮ್ಮ ಪಟ್ಟಣದ ನಿವಾಸಿ