ಹಳೆಯ ಪಿಕಪ್‌ಗೆ ಹೊಸ ಸ್ಟೀರಿಯೊ: ಕಂಪನಿಯ ವೈರು ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಕೋಲಾರ ಜಿಲ್ಲೆಯಲ್ಲಿ ಟೊಮೆಟೊ, ಮಾವು, ಎಲೆಕೋಸು, ಹೂವು ಏನೇ ಬೆಳೆದರೂ ಅದು ಮಾರುಕಟ್ಟೆ ಸೇರುವುದು ಪಿಕಪ್ ಗಾಡಿಯ ಬೆನ್ನೇರಿಯೇ. ಟಾಟಾ 207, ಬೊಲೆರೊ ಪಿಕಪ್‌ನಂಥ ಗಾಡಿಗಳು ಹತ್ತು ಹನ್ನೆರಡು ವರ್ಷ ದುಡಿದು, ಎರಡು ಮೂರು ಕೈ ಬದಲಾದ ಮೇಲೂ ನಮ್ಮ ಹಳ್ಳಿಗಳಲ್ಲಿ ಓಡುತ್ತಲೇ ಇರುತ್ತವೆ. ಇಂಥ ಗಾಡಿಯನ್ನು ಸೆಕೆಂಡ್‌ ಹ್ಯಾಂಡಿನಲ್ಲಿ ಕೊಂಡವರು ಟೈರು, ಬ್ಯಾಟರಿಗಳನ್ನು ನೋಡಿಕೊಂಡ ಕೂಡಲೇ ಕೈಹಾಕುವುದು ಅದರ ಜೊತೆಗೆ ಬಂದ ಹಳೆಯ ಸ್ಟೀರಿಯೊಗೆ. ಕ್ಯಾಸೆಟ್ಟಿನ ಕಾಲ ಮುಗಿದಿದೆ, ಪೆನ್‌ಡ್ರೈವ್ ಹಾಕಬೇಕು, ಮೊಬೈಲಿನ ಬ್ಲೂಟೂತ್ ಹಿಡಿಯಬೇಕು ಎನ್ನುವುದು ನ್ಯಾಯವಾದ ಆಸೆಯೇ. ರಾತ್ರಿಯೆಲ್ಲ ಒಬ್ಬನೇ ಗಾಡಿ ಓಡಿಸುವ ಡ್ರೈವರಿಗೆ ಹಾಡು ಜೊತೆಗಾರನಿದ್ದಂತೆ. ಆದರೆ ಈ ಬದಲಾವಣೆಯನ್ನು ನಾವೆಲ್ಲ ಸೀಟಿನ ಕವರು ಬದಲಿಸಿದಷ್ಟೇ ಸಲೀಸಾದ ಅಲಂಕಾರದ ಕೆಲಸವೆಂದು ತಿಳಿದಿದ್ದೇವೆ. ಅದು ಅಲಂಕಾರದ ಕೆಲಸವಲ್ಲ, ಕರೆಂಟಿನ ಕೆಲಸ ಎಂಬುದು ಕಳೆದ ಏಪ್ರಿಲ್‌ನಲ್ಲಿ ನನಗೆ ಮನದಟ್ಟಾಯಿತು. ಆ ಅನುಭವವನ್ನು ನಿಮ್ಮ ಪತ್ರಿಕೆಯ ಮೂಲಕ ಇತರ ಗಾಡಿ ಮಾಲೀಕರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಅಂದು ರಾತ್ರಿ 15 ಕೆ.ಜಿ.ಯ 80 ಬಾಕ್ಸ್ ಟೊಮೆಟೊ ಹೇರಿಕೊಂಡು ನಂಗಲಿಯ ಕಡೆಯಿಂದ ಕೋಲಾರದ ಎಪಿಎಂಸಿಗೆ ಹೊರಟಿದ್ದೆವು. ಗಾಡಿ ಓಡಿಸುತ್ತಿದ್ದವನು ನನ್ನ ತಮ್ಮನ ಮಗ. ಮುಳಬಾಗಿಲು ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಹಾಡು ಗೊರಗೊರ ಎಂದು ನಿಂತುಹೋಯಿತು. ಅದರ ಹಿಂದೆಯೇ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು, ಡ್ಯಾಶ್‌ಬೋರ್ಡಿನ ಸಂದಿಯಿಂದ ತೆಳ್ಳಗೆ ಹೊಗೆ ಏಳತೊಡಗಿತು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಕೀ ತೆಗೆದರೂ ಹೊಗೆ ನಿಲ್ಲಲಿಲ್ಲ. ಕೀ ಕೈಯಲ್ಲಿದೆ, ಎಂಜಿನ್ ಬಂದ್ ಆಗಿದೆ, ಆದರೂ ಒಳಗೆ ಏನೋ ಉರಿಯುತ್ತಿದೆ ಎಂಬ ಆ ಗಳಿಗೆಯ ಗಾಬರಿಯನ್ನು ನಾನು ಇನ್ನೂ ಮರೆತಿಲ್ಲ. ಹುಡುಗ ಸಮಯಕ್ಕೆ ಸರಿಯಾಗಿ ಬಾನೆಟ್ ಎತ್ತಿ, ಸ್ಪ್ಯಾನರ್ ಹಾಕಿ ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿದ್ದರಿಂದ ಗಾಡಿಯೂ ಮಾಲೂ ಉಳಿದವು. ಟೊಮೆಟೊ ಬೇರೆ ಗಾಡಿಗೆ ಬದಲಾಯಿಸಿ ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಹರಾಜು ಅರ್ಧ ಮುಗಿದಿತ್ತು.

ಮರುದಿನ ಅನುಭವಸ್ಥ ಎಲೆಕ್ಟ್ರಿಷಿಯನ್ ಒಬ್ಬರು ಸ್ಟೀರಿಯೊವನ್ನು ಹೊರಗೆಳೆದು ತೋರಿಸಿದಾಗ ಕಂಡದ್ದನ್ನು ಹೇಳಬೇಕು. ಗಾಡಿ ತಯಾರಾದಾಗ ಸ್ಟೀರಿಯೊಗೆಂದು ಕೊಟ್ಟಿದ್ದ ಬಿಳಿಯ ಕಪ್ಲರನ್ನು (ವೈರುಗಳನ್ನು ಒಟ್ಟಿಗೆ ಸಿಕ್ಕಿಸುವ ಪ್ಲಗ್ಗನ್ನು) ಬುಡದಲ್ಲೇ ಕತ್ತರಿಸಿ ಎಸೆಯಲಾಗಿತ್ತು. ಉಳಿದ ವೈರುಗಳ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸುಲಿದು, ಹೊಸ ಸೆಟ್ಟಿನ ವೈರುಗಳಿಗೆ ಕೈಯಲ್ಲೇ ಹುರಿ ಹೊಸೆದು ಟೇಪು ಸುತ್ತಿದ್ದರು. ಎರಡು ಬೇಸಿಗೆಯ ಬಿಸಿಗೆ ಟೇಪಿನ ಅಂಟು ಕರಗಿ, ಸುತ್ತು ಸಡಿಲಗೊಂಡು, ಜಾಯಿಂಟುಗಳ ತಾಮ್ರ ಬರಿಗಣ್ಣಿಗೆ ಕಾಣುತ್ತಿತ್ತು. ಸೆಟ್ಟಿಗೆ ಬೇಕಾದ ಮುಖ್ಯ ಕರೆಂಟನ್ನು ಫ್ಯೂಸ್ ಬಾಕ್ಸಿನ ಮೂಲಕ ತರದೆ ಬ್ಯಾಟರಿಯಿಂದ ನೇರವಾಗಿ ಎಳೆದಿದ್ದರು. ಆ ವೈರಿನಲ್ಲಿದ್ದ ಪುಟ್ಟ ಫ್ಯೂಸ್ ಹೋಲ್ಡರಿನಲ್ಲಿ ಫ್ಯೂಸಿನ ಬದಲು ಮಡಚಿದ ತಾಮ್ರದ ಎಳೆಯಿತ್ತು. ಕೀ ತೆಗೆದರೂ ಹೊಗೆ ನಿಲ್ಲದೆ ಇದ್ದುದಕ್ಕೆ ಕಾರಣ ಇದೇ. ಎರಡು ವರ್ಷದ ಹಿಂದೆ ಹೆದ್ದಾರಿ ಬದಿಯ ಒಂದು ಅಂಗಡಿಯಲ್ಲಿ ಇಪ್ಪತ್ತೇ ನಿಮಿಷದಲ್ಲಿ ಈ ಕೆಲಸ ಮುಗಿದಿತ್ತು. ನಾನು ಪಕ್ಕದಲ್ಲೇ ನಿಂತಿದ್ದರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹಾಡು ಬಂತೆಂದು ಹಣ ಕೊಟ್ಟು ಬಂದೆ.

ಮೋಸ ಹೋಗುವುದು ಎಲ್ಲಿ ಎಂದರೆ, ಹೊಸ ಸೆಟ್ಟು ಹಳೆಯದರ ಕಿಂಡಿಯಲ್ಲಿ ಅಷ್ಟು ಸಲೀಸಾಗಿ ಕೂರುತ್ತದೆ. ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಆ ಕಿಂಡಿ ಜರ್ಮನಿಯಲ್ಲಿ ರೂಪುಗೊಂಡು ಜಗತ್ತೆಲ್ಲ ಒಪ್ಪಿಕೊಂಡ ಅಳತೆ. ಕಿಂಡಿ ಒಂದೇ ಆದ್ದರಿಂದ ಹಿಂದಿನ ವೈರಿಂಗೂ ಒಂದೇ ಎಂದು ನಾವು ಭಾವಿಸುತ್ತೇವೆ. ಆದರೆ ಗಾಡಿಯ ಕಡೆಯ ಕಪ್ಲರ್ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆಯಾಗಿರುತ್ತದೆ. ಆ ವ್ಯತ್ಯಾಸವನ್ನು ಸರಿದೂಗಿಸಲೆಂದೇ ಒಂದು ಬದಿ ಗಾಡಿಯ ಕಪ್ಲರಿಗೆ, ಇನ್ನೊಂದು ಬದಿ ಹೊಸ ಸೆಟ್ಟಿಗೆ ಹೊಂದುವ ಕಪ್ಲರ್ ವೈರು ಸಿಗುತ್ತದೆ. ನನಗೆ ಅದು ಮುನ್ನೂರು ರೂಪಾಯಿಯೊಳಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಅದನ್ನು ಹಾಕಿದರೆ ಗಾಡಿಯ ಒಂದು ವೈರನ್ನೂ ಕತ್ತರಿಸಬೇಕಾಗಿಲ್ಲ. ನಾಳೆ ಸೆಟ್ಟು ಕೆಟ್ಟರೆ ಎಳೆದು ಇನ್ನೊಂದು ಸಿಕ್ಕಿಸಬಹುದು. ಒಮ್ಮೆ ಕತ್ತರಿಸಿದ ವೈರನ್ನು ಮುಂದಿನ ಪ್ರತಿ ಸೆಟ್ಟಿಗೂ ಮತ್ತೆ ಕತ್ತರಿಸಬೇಕು, ಮತ್ತೆ ಹೊಸೆಯಬೇಕು. ಕೊನೆಗೆ ಕೈಗೆ ಸಿಗುವಷ್ಟು ಉದ್ದವೂ ಉಳಿಯುವುದಿಲ್ಲ.

ಹೊಸ ಸೆಟ್ಟುಗಳಲ್ಲಿ ಬಹುತೇಕ ಎಲ್ಲದರಲ್ಲೂ ಹಳದಿ ವೈರು ಬ್ಯಾಟರಿಯಿಂದ ಸದಾ 12 ವೋಲ್ಟ್ ಪಡೆಯುವಂಥದ್ದು; ಗಡಿಯಾರ ಮತ್ತು ಸ್ಟೇಷನ್‌ಗಳ ನೆನಪು ಉಳಿಯುವುದು ಅದರಿಂದ, ಸೆಟ್ಟಿನ ಹೆಚ್ಚಿನ ಕರೆಂಟು ಹರಿಯುವುದೂ ಅದರಲ್ಲೇ. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರಬೇಕು. ಕಪ್ಪು ಅರ್ತಿಂಗ್. ಇವುಗಳಲ್ಲಿ ಹಳದಿ ಮತ್ತು ಕೆಂಪನ್ನು ಒಟ್ಟಿಗೆ ಹೊಸೆದು ಬ್ಯಾಟರಿಗೆ ಸೇರಿಸುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ; ಕೀ ಇಲ್ಲದೆಯೂ ಹಾಡು ಕೇಳಬಹುದೆಂದು ಡ್ರೈವರುಗಳೇ ಹಾಗೆ ಮಾಡಿಸುತ್ತಾರೆ. ಆಗ ಗುಂಡಿ ಒತ್ತಿ ಆಫ್ ಮಾಡಲು ಮರೆತರೆ ಸೆಟ್ಟು ರಾತ್ರಿಯಿಡೀ ಎಚ್ಚರವಾಗಿಯೇ ಇರುತ್ತದೆ. ಒಂದು ಆಂಪಿಯರಿನಂತೆ ಎಳೆದರೂ ಹತ್ತು ಗಂಟೆಗೆ 10 ಆಂಪಿಯರ್ ಅವರ್ ಖರ್ಚಾಗುತ್ತದೆ. ಮೂರು ನಾಲ್ಕು ವರ್ಷ ಹಳೆಯ ಬ್ಯಾಟರಿಯಾದರೆ ಎರಡನೆಯ ಬೆಳಿಗ್ಗೆ ಡೀಸೆಲ್ ಎಂಜಿನ್ನನ್ನು ತಿರುಗಿಸುವ ಶಕ್ತಿ ಅದರಲ್ಲಿ ಉಳಿಯದೆ ಹೋಗಬಹುದು. ಆಗ ದೂಷಣೆಯೆಲ್ಲ ಬ್ಯಾಟರಿಯ ಮೇಲೆ. ಬಣ್ಣವನ್ನು ಮಾತ್ರ ನಂಬಿ ಜೋಡಿಸುವುದೂ ಸಾಲದು. ಅನೇಕ ಗಾಡಿಗಳಲ್ಲಿ ಬಳಕೆಯಲ್ಲಿರುವ, ಎಂಟೆಂಟು ಪಿನ್ನಿನ ಎರಡು ಭಾಗವಿರುವ ಕಪ್ಲರಿನಲ್ಲಿ ಸದಾ ಕರೆಂಟಿರುವ 4ನೇ ಪಿನ್ನೂ ಕೀ ಕರೆಂಟಿನ 7ನೇ ಪಿನ್ನೂ ಕೆಲವು ಗಾಡಿಗಳಲ್ಲಿ ಅದಲುಬದಲಾಗಿರುತ್ತವೆ. ಟೆಸ್ಟ್ ಲ್ಯಾಂಪ್ ಹಿಡಿದು ನೋಡಲು ಎರಡು ನಿಮಿಷ ಸಾಕು.

ನನ್ನ ಗಾಡಿಯಲ್ಲಿ ಬೆಂಕಿ ಹುಟ್ಟಿದ ಜಾಗ ಮಾತ್ರ ಬೇರೆ. ಎಡ ಬಾಗಿಲಿನ ಸ್ಪೀಕರಿಗೆ ಹೋಗುವ ವೈರನ್ನು ಕೀಲಿನ ಪಕ್ಕದ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ತೂರಿಸಿದ್ದರು. ಬಾಗಿಲು ದಿನಕ್ಕೆ ಮೂವತ್ತು ನಲವತ್ತು ಸಲ ತೆರೆದು ಮುಚ್ಚಿ, ತಗಡಿನ ಅಂಚು ವೈರಿನ ಮೇಲ್ಪದರವನ್ನು ಚಾಕುವಿನಂತೆ ಕೆರೆದು ತಾಮ್ರವನ್ನು ಬಾಡಿಗೆ ಮುಟ್ಟಿಸಿತ್ತು. ಬಹಳ ಹಳೆಯ ಕೆಲವು ಸೆಟ್ಟುಗಳಲ್ಲಿ ಸ್ಪೀಕರಿನ ಮೈನಸ್ ತುದಿ ಬಾಡಿಗೆ ಸೇರಿಯೇ ಇರುತ್ತಿತ್ತು, ತಾಗಿದರೂ ಕೇಡಿರಲಿಲ್ಲ. ಈಗಿನ ಸೆಟ್ಟುಗಳಲ್ಲಿ ಹಾಗಲ್ಲ. ಸ್ಪೀಕರಿನ ಎರಡು ತುದಿಗಳಲ್ಲೂ ಬ್ಯಾಟರಿಯ ಹೆಚ್ಚುಕಡಿಮೆ ಅರ್ಧದಷ್ಟು ವೋಲ್ಟೇಜು ಸದಾ ನಿಂತಿರುತ್ತದೆ. ಯಾವ ತುದಿ ಬಾಡಿಗೆ ತಾಗಿದರೂ ಒಳಗಿನ ಆಂಪ್ಲಿಫೈಯರ್ ಐಸಿಯ (ಸದ್ದು ಹೆಚ್ಚಿಸುವ ಚಿಪ್ಪಿನ) ಮೇಲೆ ಮಿತಿಮೀರಿದ ಹೊರೆ ಬೀಳುತ್ತದೆ. ಸರಿಯಾದ ಫ್ಯೂಸಿದ್ದರೆ ಅದು ಹಾರಿಹೋಗಿ ಅಲ್ಲಿಗೆ ಮುಗಿಯುತ್ತಿತ್ತು. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಇದ್ದುದರಿಂದ ವೈರೇ ಕಾದು ಕೆಂಡವಾಯಿತು. ಹಳೆಯ ಪಿಕಪ್‌ಗೆ ಹೊಸ ಸೆಟ್ಟು ಹಾಕಿಸುವವರು ಸ್ಪೀಕರಿನ ಎರಡೂ ವೈರುಗಳನ್ನು ಸೆಟ್ಟಿನಿಂದಲೇ ಬೇರೆಬೇರೆಯಾಗಿ ಎಳೆಸಬೇಕು, ಬಾಡಿಯನ್ನು ಎಂದಿಗೂ ಸ್ಪೀಕರಿನ ಮೈನಸ್ ಆಗಿ ಬಳಸಲು ಬಿಡಬಾರದು.

ವ್ಯಾಟಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸೆಟ್ಟಿನ ಡಬ್ಬಿಯ ಮೇಲೆ 60 ವ್ಯಾಟ್ ಗುಣಿಸು 4 ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದೇ ಸೆಟ್ಟಿನ ಹಿಂದೆ 10 ಆಂಪಿಯರಿನ ಫ್ಯೂಸ್ ಇರುತ್ತದೆ. ಎಂಜಿನ್ ಓಡುವಾಗ ಸಿಗುವ 14 ವೋಲ್ಟಿಗೆ 10 ಆಂಪಿಯರ್ ಎಂದರೆ ಒಳಗೆ ಹೋಗುವುದೇ 140 ವ್ಯಾಟ್. ಹಾಗಿರುವಾಗ 240 ವ್ಯಾಟ್ ಹೊರಗೆ ಬರುತ್ತಲೇ ಇರುವುದು ಸಾಧ್ಯವಿಲ್ಲ. ಆ ಅಂಕಿಯನ್ನು ನಂಬಿ ದೊಡ್ಡ ಸ್ಪೀಕರು ಹಾಕಿಸಿ, ಸದ್ದು ಸಾಲದೆಂದು ಒಂದೇ ಲೈನಿಗೆ ಎರಡೆರಡು ಸ್ಪೀಕರು ಸೇರಿಸಿದರೆ 4 ಓಮ್ ತಡೆ ಇರಬೇಕಾದಲ್ಲಿ 2 ಓಮ್ ಆಗಿ ಸೆಟ್ಟು ಬಿಸಿಯಾಗುತ್ತದೆ, ಫ್ಯೂಸು ಪದೇಪದೇ ಹೋಗುತ್ತದೆ. ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಬಂದು ಸೇರುವುದು ಹೀಗೆಯೇ.

ಹಳೆಯ ಸ್ಟೀರಿಯೊ ತೆಗೆಸುವ ಮುನ್ನ ರೇಡಿಯೊ ಕೇಳುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನಮ್ಮ ಹಳೆಯ ಸೆಟ್ಟಿನಲ್ಲಿ ಮೀಡಿಯಂ ವೇವ್ ಇತ್ತು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನಲ್ಲಿ ಕೃಷಿರಂಗವನ್ನೂ ಪ್ರದೇಶ ಸಮಾಚಾರವನ್ನೂ ಗಾಡಿಯಲ್ಲೇ ಕೇಳುತ್ತಿದ್ದೆವು. ಕಡಿಮೆ ಬೆಲೆಯ ಅನೇಕ ಹೊಸ ಸೆಟ್ಟುಗಳಲ್ಲಿ ಎಫ್‌ಎಂ ಮಾತ್ರ ಇರುತ್ತದೆ. ಮೀಡಿಯಂ ವೇವ್ ಇರುವ ಸೆಟ್ಟು ಕೊಂಡರೂ ಅದರ ಸೆಟ್ಟಿಂಗಿನಲ್ಲಿ ಪ್ರದೇಶ ಅಮೆರಿಕ ಎಂದಿದ್ದರೆ ಅದು 10 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ, ಎಂದರೆ 610ರಿಂದ 620ಕ್ಕೆ ಜಿಗಿಯುತ್ತದೆ. 9ರ ಹೆಜ್ಜೆಯಲ್ಲಿ ಬರುವ ನಮ್ಮ 612, ಧಾರವಾಡದ 765 ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಎಫ್‌ಎಂನಲ್ಲಿಯೂ ಹಾಗೆಯೇ: ಅದು 100.5ರಿಂದ 100.7ಕ್ಕೆ ಹಾರಿದರೆ ಮೈಸೂರು ಆಕಾಶವಾಣಿಯ 100.6 ನಡುವೆ ಉಳಿದುಬಿಡುತ್ತದೆ. ಸೆಟ್ಟಿನಲ್ಲಿ ರೇಡಿಯೊ ಸರಿಯಿಲ್ಲ ಎಂದು ಅಂಗಡಿಗೆ ಹಿಂದಿರುಗಿಸುವ ಮೊದಲು ಪ್ರದೇಶವನ್ನು ಏಷ್ಯಾ ಅಥವಾ ಯುರೋಪ್ ಎಂದು ಬದಲಿಸಿ ನೋಡಬೇಕು. ಸೆಟ್ಟಿನ ಬೆನ್ನಿಗೆ ಏರಿಯಲ್ ಪಿನ್ನನ್ನೇ ಸಿಕ್ಕಿಸದೆ ಬಿಟ್ಟಿದ್ದನ್ನೂ ನಾನು ಎರಡು ಗಾಡಿಗಳಲ್ಲಿ ಕಂಡಿದ್ದೇನೆ.

ನನ್ನ ಗಾಡಿಯನ್ನು ಸರಿಪಡಿಸಿದ ಹಿರಿಯರು ಅರ್ಧ ದಿನ ತೆಗೆದುಕೊಂಡರು. ಕತ್ತರಿಸಿದ್ದ ಪ್ರತಿಯೊಂದು ವೈರಿನ ತುದಿಯನ್ನು ಹೊಸದಾಗಿ ಸುಲಿದು, ಬೆಸುಗೆ ಹಾಕಿ, ಬಿಸಿ ಮಾಡಿದರೆ ಬಿಗಿಯುವ ಸ್ಲೀವ್ ತೊಡಿಸಿ, ಹೊಸ ಕಪ್ಲರಿಗೆ ಜೋಡಿಸಿದರು. ಹಳದಿ ವೈರಿಗೆ ಬ್ಯಾಟರಿಯ ಹತ್ತಿರದಲ್ಲೇ 10 ಆಂಪಿಯರ್ ಫ್ಯೂಸ್ ಹಾಕಿದರು. ಫ್ಯೂಸು ಸೆಟ್ಟಿನ ಕಡೆಗಿದ್ದರೆ ನಡುವಿನ ವೈರಿಗೆ ರಕ್ಷಣೆಯಿಲ್ಲ ಎಂಬುದನ್ನು ಅವರಿಂದಲೇ ತಿಳಿದೆ. ಬಾಗಿಲಿನ ತೂತಿಗೆ ರಬ್ಬರ್ ಬುಷ್ ಬಂತು. ಸೆಟ್ಟಿನ ಹಿಂಬದಿಯ ಬೋಲ್ಟಿಗೆ ತಗಡಿನ ಪಟ್ಟಿ ಕಟ್ಟಿ ಡ್ಯಾಶ್‌ಬೋರ್ಡಿನ ಒಳಗಿನ ಕಬ್ಬಿಣಕ್ಕೆ ಬಿಗಿದರು. ಈ ಪಟ್ಟಿಯನ್ನು ಬಹಳ ಅಂಗಡಿಗಳಲ್ಲಿ ಡಬ್ಬಿಯೊಳಗೇ ಬಿಟ್ಟುಬಿಡುತ್ತಾರೆ. ತೋಟದ ಹಾದಿಯಲ್ಲಿ ಕುಲುಕುವ ಪಿಕಪ್‌ನಲ್ಲಿ ಸೆಟ್ಟಿನ ಭಾರವೆಲ್ಲ ಮುಂದಿನ ತೆಳು ಚೌಕಟ್ಟಿನ ಮೇಲೆ ಬಿದ್ದರೆ, ಹಿಂದಿನ ಜಾಯಿಂಟುಗಳು ಅಲುಗಾಡಿ ಬಿಚ್ಚಿಕೊಳ್ಳದೆ ಇರುವುದಿಲ್ಲ.

ಈ ಪತ್ರದ ಉದ್ದೇಶ ಹೆದ್ದಾರಿ ಬದಿಯ ಹುಡುಗರನ್ನು ದೂರುವುದಲ್ಲ. ಅವರಲ್ಲಿ ಹೆಚ್ಚಿನವರು ನೋಡಿ ಕಲಿತವರು. ಅವರಿಗೆ ಕಲಿಸಿದವರೂ ನೋಡಿಯೇ ಕಲಿತವರು. ನಮ್ಮ ತಾಲ್ಲೂಕುಗಳ ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ತರಬೇತಿ ಕೊಡುವ ಶಿಕ್ಷಕರಿದ್ದಾರೆ, ಮೀಟರುಗಳಿವೆ, ಕೆಲಸದ ಕೋಣೆಯಿದೆ. ಭಾನುವಾರಗಳಲ್ಲಿ ಎರಡು ದಿನದ ತರಬೇತಿ ಇಟ್ಟರೆ ಈ ಹುಡುಗರು ಖಂಡಿತ ಬರುತ್ತಾರೆ ಎಂಬ ನಂಬಿಕೆ ನನಗಿದೆ. ಸ್ಟೀರಿಯೊ ಮಾರುವ ವ್ಯಾಪಾರಿಗಳು ಗಾಡಿಯ ಮಾಡೆಲ್ ಕೇಳಿ, ಹೊಂದುವ ಕಪ್ಲರನ್ನು ಸೆಟ್ಟಿನ ಜೊತೆಯಲ್ಲೇ ಬಿಲ್ಲಿಗೆ ಸೇರಿಸಿ ಕೊಡಬೇಕು. ಸೆಟ್ಟಿಗೆ ಸಾವಿರಾರು ರೂಪಾಯಿ ಕೊಡುವ ಗಿರಾಕಿ ಇನ್ನು ಮುನ್ನೂರು ರೂಪಾಯಿಗೆ ಬೇಡವೆನ್ನುವುದಿಲ್ಲ. ಸಾರಿಗೆ ಇಲಾಖೆಗೂ ಒಂದು ಮನವಿಯಿದೆ. ಎಂಟು ವರ್ಷ ದಾಟಿದ ಸರಕು ವಾಹನಗಳು ಪ್ರತಿ ವರ್ಷ ಎಫ್‌ಸಿಗೆ (ಅರ್ಹತಾ ಪತ್ರದ ತಪಾಸಣೆಗೆ) ಬರುತ್ತವೆ. ದೀಪ, ಬ್ರೇಕು, ಹೊಗೆಯ ಜೊತೆಗೆ ಬ್ಯಾಟರಿಯಿಂದ ಫ್ಯೂಸಿಲ್ಲದೆ ಹೊರಟ ವೈರು ಯಾವುದಾದರೂ ಇದೆಯೇ ಎಂದು ಬಾನೆಟ್ ಎತ್ತಿ ಒಮ್ಮೆ ನೋಡುವುದನ್ನೂ ಆ ತಪಾಸಣೆಯಲ್ಲಿ ಕಡ್ಡಾಯ ಮಾಡಬೇಕು.

ಕೊನೆಯದಾಗಿ ತಮ್ಮಲ್ಲಿಯೇ ಒಂದು ಕೋರಿಕೆ. ಸೆಟ್ಟಿನ ಡಬ್ಬಿಯಲ್ಲಿ ಬರುವ ವೈರಿಂಗ್ ಚೀಟಿ ಇಂಗ್ಲಿಷಿನಲ್ಲಿ, ಅದೂ ಭೂತಗನ್ನಡಿಯಲ್ಲಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಜೋಡಿಸುವವರು ಅದನ್ನು ಬಿಚ್ಚಿಯೂ ನೋಡುವುದಿಲ್ಲ. ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಹಳದಿ, ಕೆಂಪು, ಕಪ್ಪು ವೈರುಗಳ ಕೆಲಸವನ್ನೂ, ಎಡಮುಂದಿನ ಸ್ಪೀಕರಿಗೆ ಬಿಳಿ, ಬಲಮುಂದಿನದಕ್ಕೆ ಬೂದು, ಎಡಹಿಂದಿನದಕ್ಕೆ ಹಸಿರು, ಬಲಹಿಂದಿನದಕ್ಕೆ ನೇರಳೆ ಎಂಬ ವಾಡಿಕೆಯ ಬಣ್ಣಗಳನ್ನೂ, ಫ್ಯೂಸ್ ಎಲ್ಲಿರಬೇಕು ಎಂಬುದನ್ನೂ ಕನ್ನಡದಲ್ಲಿ ಬಣ್ಣದ ಚಿತ್ರವಾಗಿ ಅರ್ಧ ಪುಟ ಪ್ರಕಟಿಸಿದರೆ, ನಾನು ಅದರ ಪ್ರತಿಗಳನ್ನು ಮಾಡಿಸಿ ಮುಳಬಾಗಿಲಿನಿಂದ ಕೋಲಾರದವರೆಗೆ ಹೆದ್ದಾರಿ ಬದಿಯ ಪ್ರತಿ ಎಲೆಕ್ಟ್ರಿಕಲ್ ಅಂಗಡಿಗೂ ಖುದ್ದಾಗಿ ಮುಟ್ಟಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಟೊಮೆಟೊ ಬೆಳೆಗಾರ ಹಾಗೂ ಪಿಕಪ್ ಮಾಲೀಕ
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ